ಮುತ್ತೈದೆಯ ವಜ್ರ

ನನ್ನ ಗಂಡನ ಮನೆಯವರು ನನ್ನನ್ನು ನೋಡಿ ಒಪ್ಪಲು ತೆಗೆದುಕೊಂಡದ್ದು ಅರ್ಧ ಗಂಟೆ. ಉಂಗುರದ ವಜ್ರವನ್ನು ನೋಡಿ ಒಪ್ಪಲು ನಾಲ್ಕು ತಿಂಗಳು ತೆಗೆದುಕೊಂಡರು. ಹೆಣ್ಣು ನೋಡಲು ಬಂದ ಭಾನುವಾರ ಮುಂಬಯಿಯ ಸಯನ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ ಕುಳಿತು ಶಿರಾ ತಿಂದರು, ಟೈಪಿಂಗ್ ಸ್ಪೀಡ್ ಎಷ್ಟು ಎಂದು ಕೇಳಿದರು, ಚಪ್ಪಲಿ ಮೆಟ್ಟಿ ಹೊರಟರು. ಮರುದಿನವೇ ಒಪ್ಪಿಗೆ ಬಂತು. ಅಷ್ಟು ಸಸಾರವಾಗಿ ಪಾಸಾಗುವ ಭಾಗ್ಯ ಪಾಪದ ಕಲ್ಲಿಗಿರಲಿಲ್ಲ.

ಇಸವಿ ಎಪ್ಪತ್ತೆರಡೋ ಎಪ್ಪತ್ತಮೂರೋ ಇರಬೇಕು. ನಾನು ಫೋರ್ಟ್‌ನ ಒಂದು ಆಫೀಸಿನಲ್ಲಿ ಟೈಪಿಸ್ಟ್. ನನಗೆ ಹನ್ನೊಂದು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡಿದ್ದ. ಅಮ್ಮ ಹಪ್ಪಳ, ಸಂಡಿಗೆ ಮಾಡಿ ಮಾಟುಂಗದ ಅಂಗಡಿಗಳಿಗೆ ಕೊಟ್ಟು ನನ್ನನ್ನು ಓದಿಸಿದಳು. ಆಸರೆಗೆ ಎಂದು ಇದ್ದವರು ಅವಳ ಅಣ್ಣ, ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವ ನನ್ನ ಸೋದರಮಾವ. ಹುಡುಗನ ಕಡೆಯವರಿಗೆ ದಾದರ್‌ನಲ್ಲಿ ಸ್ವಂತ ಹೋಟೆಲಿತ್ತು. ಉಡುಪಿ ಕಡೆಯಿಂದ ಬರಿಗೈಯಲ್ಲಿ ಬಂದು ಇಡ್ಲಿ ಬೇಯಿಸಿ ಮೇಲೆ ಬಂದವರು. ಅದರಲ್ಲಿ ಹೀಗಳೆಯುವಂಥದ್ದೇನೂ ಇಲ್ಲ, ನಮ್ಮೂರ ಅರ್ಧ ಜನ ಮುಂಬಯಿಯಲ್ಲಿ ಬದುಕಿದ್ದೇ ಹಾಗೆ. ಆದರೆ ಇಡ್ಲಿ ಬೇಯಿಸಿದ್ದನ್ನು ಮರೆಯಲು ಅವರು ಪಡುತ್ತಿದ್ದ ಪಾಡು ನೋಡಿದರೆ ನಗು ಬರುತ್ತಿತ್ತು.

ನಮ್ಮಲ್ಲಿ ನಿಶ್ಚಯಕ್ಕೆ ಉಂಗುರವೆಂಬುದೇ ಇರಲಿಲ್ಲ. ಹಿರಿಯರು ಎದುರುಬದುರು ಕುಳಿತು ವೀಳ್ಯ ಬದಲಿಸಿಕೊಂಡರೆ ಮುಗಿಯಿತು. ಉಂಗುರ ಬಂದದ್ದು ಹಿಂದಿ ಸಿನಿಮಾದಿಂದ. ಮಾಟುಂಗದ ಇನ್ನೊಂದು ಹೋಟೆಲಿನವರು ತಮ್ಮ ಸೊಸೆಗೆ ನಿಶ್ಚಯದ ದಿನ ವಜ್ರದ ಉಂಗುರ ತೊಡಿಸಿದ್ದರಂತೆ. ಅಂದಿನಿಂದ ನನ್ನ ಭಾವೀ ಅತ್ತೆಗೆ ನಿದ್ದೆ ಇರಲಿಲ್ಲ. ತಮ್ಮ ಸೊಸೆಗೂ ವಜ್ರವೇ ಆಗಬೇಕು. ಅದೂ ಹೊಸ ವಜ್ರವಲ್ಲ, ಹಳೆಯದು. ಹೊಸದರ ಗುಣ ಯಾರಿಗೆ ಗೊತ್ತು? ವಜ್ರ ಎಲ್ಲರಿಗೂ ಆಗಿಬರುವುದಿಲ್ಲ, ಆಗಿಬಂದರೆ ಮನೆ ಎತ್ತುತ್ತದೆ, ಆಗದಿದ್ದರೆ ಮನೆ ಮುರಿಯುತ್ತದೆ ಎಂಬುದು ನಮ್ಮವರ ಹಳೆಯ ನಂಬಿಕೆ. ಆದ್ದರಿಂದ ಒಬ್ಬ ಪುಣ್ಯವಂತೆ ತೊಟ್ಟು, ಗಂಡನಿಗಿಂತ ಮೊದಲು ಮುತ್ತೈದೆಯಾಗಿ ಸತ್ತು, ಪರೀಕ್ಷೆ ಮಾಡಿಟ್ಟುಹೋದ ವಜ್ರವೇ ಬೇಕಿತ್ತು ಅವರಿಗೆ.

ಹುಡುಗ ಪವಾಯಿಯ ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಯಾವ ಲೋಹ ಎಷ್ಟು ಗಟ್ಟಿ ಎಂದು ಯಂತ್ರದಲ್ಲಿ ಅದುಮಿ ನೋಡುವುದು ಅವರ ದಿನನಿತ್ಯದ ಕೆಲಸ. ವಜ್ರವೆಂದರೆ ಇದ್ದಿಲಿನ ಅಣ್ಣ ಎಂದು ನನಗೆ ವಿವರಿಸಿದವರೂ ಅವರೇ. ಅದನ್ನೇ ನಿಮ್ಮ ತಾಯಿಗೆ ಹೇಳಬಾರದೇ ಎಂದರೆ, ಅಮ್ಮನಿಗೆ ಹಾಗೆ ಸಮಾಧಾನವಾದರೆ ಆಗಲಿ ಎಂದರು. ಲೋಹಗಳನ್ನು ಅದುಮುವ ಮನುಷ್ಯ ತಾಯಿಯ ಮುಂದೆ ಕೋಲೆ ಬಸವ.

ನನ್ನ ಸೋದರಮಾವನಿಗೆ ಆಗ ಒಂದು ಉಪಾಯ ಹೊಳೆಯಿತು. ಅಮ್ಮನ ಹತ್ತಿರ ಒಂದು ವಜ್ರವಿತ್ತು. ಅದು ಅವಳ ಮೂಗುಬೊಟ್ಟು, ನಮ್ಮ ಅಜ್ಜಿಯ ಅತ್ತೆಯ ಕಾಲದ್ದು, ಕೊತ್ತಂಬರಿ ಕಾಳಿನಷ್ಟು ದೊಡ್ಡ ಒಂಟಿ ಹರಳು. ಅಪ್ಪ ಹೋದ ಹತ್ತನೆಯ ದಿನ ನೆಂಟರ ಹೆಂಗಸರು ಅದನ್ನು ಬಿಚ್ಚಿಸಿದ್ದರು. ಅಂದಿನಿಂದ ಪೌಡರ್ ಡಬ್ಬಿಯೊಳಗೆ, ಟ್ರಂಕಿನ ತಳದಲ್ಲಿತ್ತು. ಬೀಗರಿಗೆ ಹಳೆಯ ವಜ್ರ ಬೇಕಾದರೆ ಮನೆಯಲ್ಲೇ ಇದೆಯಲ್ಲ, ಖರ್ಚಿಲ್ಲದೆ ಕೆಲಸವಾಯಿತು ಎಂದು ಮಾವನ ಲೆಕ್ಕ. ಅಮ್ಮ, ಅದನ್ನೆಂತಕ್ಕೆ, ಅದು ಅಲ್ಲೇ ಇರಲಿ ಎಂದಳು. ಮಾವ ಕೇಳಲಿಲ್ಲ. ಅಪ್ಪನ ಕಾಲದ ವಸ್ತು ಕೈಬಿಡಲು ಅವಳಿಗೆ ಮನಸ್ಸಿಲ್ಲ ಎಂದು ನಾನು ತಿಳಿದೆ. ಅಮ್ಮನ ಮನಸ್ಸು ನನಗೆ ತಿಳಿಯದೇ ಎಂಬ ಜಂಬ ನನಗೆ ಆಗ ಬೇಕಾದಷ್ಟಿತ್ತು.

ಮಾವ ಡಬ್ಬಿ ಹಿಡಿದು ದಾದರ್‌ಗೆ ಹೋದರು, ನಾನೂ ಬೆರಳಿನ ಅಳತೆ ಕೊಡಲು ಜೊತೆಯಲ್ಲಿದ್ದೆ. ಅತ್ತೆ ಡಬ್ಬಿಯ ಮುಚ್ಚಳವನ್ನು ಮುಟ್ಟಲೂ ಇಲ್ಲ.

“ಅದು ನಿಮ್ಮಲ್ಲೇ ಇರ್ಲಿ ಭಟ್ರೇ. ಇಳಿಸಿಟ್ಟ ವಜ್ರ ಅಲ್ವಾ, ನಮ್ಮ ಮನೆಗೆ ಆಗಿ ಬರ್ಲಿಕ್ಕಿಲ್ಲ” ಎಂದರು. ಆಮೇಲೆ ಕಾಫಿ ಕೊಡುತ್ತಾ, ನಿಶ್ಚಯದ ದಿನ ಉಂಗುರದ ತಟ್ಟೆ ಮುತ್ತೈದೆಯರ ಕೈಯಿಂದ ಕೈಗೆ ಹೋಗುವಾಗ ನಿಮ್ಮ ತಂಗಿ ಒಳಗೇ ಇದ್ದರೆ ಒಳ್ಳೆಯದು, ಅವರಿಗೂ ಮುಜುಗರ ತಪ್ಪುತ್ತದೆ ಎಂದರು. ಎಷ್ಟು ಕಾಳಜಿ! ಮಾವ ತಲೆಯಾಡಿಸಿದರು. ನಾನು ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟೆ.

ಸಯನ್ ಸ್ಟೇಷನ್ನಿನಲ್ಲಿ ಮಾವ ಡಬ್ಬಿಯನ್ನು ನನ್ನ ಕೈಗೆ ಹಾಕಿದರು. ತಂಗಿಯ ಮುಖ ನೋಡಲು ಅವರಿಗೆ ನಾಚಿಕೆ. ಇದನ್ನು ಟ್ರಂಕಿನಲ್ಲಿಟ್ಟುಬಿಡು, ಅವರು ಬೇಡವೆಂದರು ಎಂದಷ್ಟೇ ಹೇಳು ಎಂದರು. ನಾನು ಅಷ್ಟೇ ಹೇಳಿದೆ. ಅಮ್ಮ ಹಿಟ್ಟು ನಾದುತ್ತಿದ್ದವಳು, ಹೌದಾ ಎಂದು ಸುಮ್ಮನಾದಳು. ಆ ಮೌನ ಅವಮಾನದ್ದು ಎಂದು ನಾನು ಬೆಲೆ ಕಟ್ಟಿದೆ. ಡಬ್ಬಿ ಟ್ರಂಕಿಗೆ ಹೋಗಲಿಲ್ಲ, ನನ್ನ ಆಫೀಸಿನ ಚೀಲದಲ್ಲೇ ಉಳಿಯಿತು.

ಇನ್ನು ವಜ್ರದ ಬೇಟೆ. ಝವೇರಿ ಬಜಾರಿನ ಒಂದು ಮಾಳಿಗೆಯಲ್ಲಿ ಬಿಳಿ ಗಾದಿ ಹಾಸಿಕೊಂಡು ಕುಳಿತ ಗುಜರಾತಿ ಮುದುಕರೊಬ್ಬರನ್ನು ಯಾರೋ ತೋರಿಸಿಕೊಟ್ಟಿದ್ದರು. ಹಳೆಯ ವಜ್ರಗಳ ದಲಾಲಿ ಅವರದು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಕಾಕಾ ಕಾಗದದ ಪೊಟ್ಟಣ ಬಿಚ್ಚಿ, ಕಲ್ಲನ್ನು ಚಿಮುಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ಇದರ ತೂಕ ಇಷ್ಟು, ನೀರು, ಅಂದರೆ ಹೊಳಪು, ಇಂಥದ್ದು, ಕಟ್ ಹಳೆಯದು, ಮೂಲೆಯಲ್ಲೊಂದು ಮೋಡವಿದೆ ನೋಡಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅತ್ತೆ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಣ್ಣಿಗೆ ಹಚ್ಚಿ ನೋಡಲು ಕಾಕಾ ಕೊಟ್ಟ ಭೂತಗನ್ನಡಿಯನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಹೋಟೆಲ್ ಹಿಂದಿಯಲ್ಲಿ ಕೇಳಿದರು:

“ವೋ ಬಾಯಿ ಪೆಹೆಲೆ ಮರಾ, ಕಿ ಉಸ್ಕಾ ಆದ್ಮಿ ಪೆಹೆಲೆ ಮರಾ?”

ಇದನ್ನು ತೊಟ್ಟಿದ್ದ ಹೆಂಗಸು ಮೊದಲು ಸತ್ತಳೋ, ಅವಳ ಗಂಡ ಮೊದಲು ಸತ್ತನೋ! ಕಾಕಾ ನಲವತ್ತು ವರ್ಷ ಕಲ್ಲುಗಳನ್ನು ತೂಗಿದವರು, ಈ ತೂಕ ಅವರಿಗೂ ಹೊಸದು. ಗೊತ್ತಿಲ್ಲ ಎಂದರು. ಅದಕ್ಕೆ ಅತ್ತೆ ಆ ಪೊಟ್ಟಣವನ್ನು ಬೆರಳ ತುದಿಯಿಂದ ಆಚೆ ಸರಿಸಿದರು.

ಮುಂದಿನ ಸಲ ಹೋಗುವಷ್ಟರಲ್ಲಿ ಕಾಕಾ ವ್ಯಾಪಾರ ಕಲಿತಿದ್ದರು. ಪ್ರತಿ ಕಲ್ಲಿನ ಹಿಂದೆಯೂ ಒಬ್ಬ ಪುಣ್ಯವಂತೆ ಬಂದು ನಿಂತಳು. ಆದರೆ ನಮ್ಮ ಅತ್ತೆಗೆ ಮಾತೊಂದೇ ಸಾಲದು. ಮುಂಗಡ ಕೊಟ್ಟು ಕಲ್ಲನ್ನು ಮನೆಗೆ ಒಯ್ದು, ದೇವರ ಮುಂದೆ ಅಕ್ಕಿಯ ಬಟ್ಟಲಿನಲ್ಲಿ ಎಂಟು ದಿನ ಇಟ್ಟು ನೋಡಬೇಕು. ಆ ಎಂಟು ದಿನಗಳಲ್ಲಿ ಮನೆಯಲ್ಲಿ ನಡೆದದ್ದಕ್ಕೆಲ್ಲ ಕಲ್ಲೇ ಜವಾಬ್ದಾರ. ಮೊದಲನೆಯದು ಬಂದ ಮೂರನೆಯ ದಿನ ಹೋಟೆಲಿನಲ್ಲಿ ಒಂದು ಹಂಡೆ ಹಾಲು ಒಡೆಯಿತು. ಮೇ ತಿಂಗಳ ಸೆಕೆಯಲ್ಲಿ ದಾದರ್‌ನಲ್ಲಿ ಹಾಲು ಒಡೆಯಲು ವಜ್ರ ಬೇಕಿರಲಿಲ್ಲ, ಆದರೂ ಕಲ್ಲು ವಾಪಸ್ಸು ಹೋಯಿತು. ಎರಡನೆಯದು ಬಂದಾಗ ಮುನ್ಸಿಪಾಲಿಟಿಯ ಇನ್ಸ್‌ಪೆಕ್ಟರ್ ಅಡುಗೆಮನೆ ನೋಡಲು ಬಂದ. ಅವನು ಪ್ರತಿ ತಿಂಗಳೂ ಬರುವವನೇ, ಮಸಾಲೆ ದೋಸೆ ತಿಂದು ಹೋಗುವವನೇ. ಅದೂ ವಾಪಸ್ಸು. ಮೂರನೆಯದರ ವಾರದಲ್ಲಿ ಅತ್ತೆಯ ದವಡೆ ಹಲ್ಲು ನೋಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಅವರ ಮನೆಯಲ್ಲಿ ಎಲ್ಲ ಕೊಂಬೆಯ ಮೇಲೂ ಕಾಗೆಯೇ.

ಅಷ್ಟರಲ್ಲಿ ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿತ್ತು. ಅಮ್ಮನನ್ನು ಅಡುಗೆಮನೆಯಲ್ಲಿ ಕೂರಿಸಿ ನಿಶ್ಚಯ ಮಾಡುತ್ತೀರಾ? ಮಾಡಿ. ಅವಳ ಮೂಗಿನ ವಜ್ರವನ್ನೇ ನಿಮ್ಮ ಮುತ್ತೈದೆಯರ ಕೈಯಿಂದ ಕೈಗೆ ದಾಟಿಸುತ್ತೇನೆ, ಕುಂಕುಮ ಹಚ್ಚಿಸಿ ಪೂಜೆ ಮಾಡಿಸುತ್ತೇನೆ. ಗೊತ್ತಾದರೆ ಸಂಬಂಧ ಮುರಿಯುತ್ತದೆ, ಅದು ನನಗೆ ತಿಳಿಯದ್ದೇನಲ್ಲ. ಮುರಿದರೆ ಮುರಿಯಲಿ ಎಂದು ಒಂದು ದಿನ ಅನ್ನಿಸಿದರೆ, ಮರುದಿನ ಕೋಲೆ ಬಸವನ ನಗುಮುಖ ನೆನಪಾಗಿ ಡಬ್ಬಿಯನ್ನು ಚೀಲದ ತಳಕ್ಕೆ ನೂಕುತ್ತಿದ್ದೆ. ಆ ಮುಖ ನನಗೆ ಇಷ್ಟವಾಗಿತ್ತು, ಏನು ಮಾಡಲಿ.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಬ್ಬಳೇ ಝವೇರಿ ಬಜಾರಿಗೆ ಹೋಗಿ ಡಬ್ಬಿಯನ್ನು ಕಾಕಾನ ಮುಂದಿಟ್ಟೆ. ಅವರು ಮೂಗುಬೊಟ್ಟನ್ನು ತಿರುಗಿಸಿ ನೋಡಿದರು. ಹಿಂಬದಿ ಚಿನ್ನದ ಬಟ್ಟಲಿನಿಂದ ಮುಚ್ಚಿದ ಹಳೆಯ ಕಾಲದ ಕಟ್ಟು. ಪಕ್ಕದ ಅಕ್ಕಸಾಲಿಯನ್ನು ಕರೆದು ಬಿಡಿಸಿದಾಗ ಹರಳು ಉದುರಿತು, ಬಟ್ಟಲಿನ ತಳದಲ್ಲಿ ಕಪ್ಪು ಮಡ್ಡಿ ಅಂಟಿಕೊಂಡಿತ್ತು. ಎಣ್ಣೆ, ಸೋಪು, ಬೆವರು, ಸಾರಿನ ಹಬೆ, ಅಮ್ಮ ಮುತ್ತೈದೆಯಾಗಿದ್ದ ಅಷ್ಟೂ ವರ್ಷಗಳ ಕೊಳೆ. ಕಾಕಾ ಅದನ್ನು ಬೆಂಕಿಕಡ್ಡಿಯ ತುದಿಯಿಂದ ಕೆರೆದು ಬಟ್ಟೆಗೆ ಒರೆಸಿಬಿಟ್ಟರು. ನನಗೆ ತಡೆಯಬೇಕೆನ್ನಿಸಿತು, ತಡೆಯಲಿಲ್ಲ.

ತೊಳೆದ ಹರಳಿನ ಮೇಲೆ ಅವರು ಬಾಯಿಂದ ಹಾ ಎಂದು ಉಸಿರು ಬಿಟ್ಟರು. ಮಂಜು ಕಟ್ಟಿದ್ದು ಕಣ್ಣು ಮಿಟುಕಿಸುವುದರೊಳಗೆ ಆರಿತು, ಅಂದರೆ ಅಸಲಿ ವಜ್ರ. ಬಿಳಿ ಕಾಗದದ ಮೇಲೆ ಕವುಚಿ ಹಾಕಿ ಬಣ್ಣ ನೋಡಿದರು. ಆಮೇಲೆ ಭೂತಗನ್ನಡಿ ನನ್ನ ಕೈಗೆ ಕೊಟ್ಟು, ಅಂಚಿನ ಹತ್ತಿರ ನೋಡು ಎಂದರು. ಕಾಗೆಯ ಹೆಜ್ಜೆಯ ಹಾಗೆ ಮೂರು ಗೀಟಿನ ಸಣ್ಣ ಕಪ್ಪು ಚುಕ್ಕೆ. ದೋಷವೇ, ಆದರೆ ಉಂಗುರದಲ್ಲಿ ಕಲ್ಲನ್ನು ಹಿಡಿಯುವ ಹಲ್ಲಿನ ಕೆಳಗೆ ಅಡಗಿಸಬಹುದು. ಅದು ಬಿಟ್ಟರೆ ಇಷ್ಟು ದಿನ ನಿಮ್ಮವರಿಗೆ ತೋರಿಸಿದ್ದೆಲ್ಲಕ್ಕಿಂತ ಒಳ್ಳೆಯ ಕಲ್ಲು ಎಂದರು. ಇದು ಯಾರದ್ದು, ಯಾಕೆ ಬೇಡವೆಂದರು, ಈಗ ಏನು ಮಾಡಬೇಕು ಎಂಬುದನ್ನೆಲ್ಲ ಹೇಳಿದೆ. ಮುದುಕರು ಬಹಳ ಹೊತ್ತು ನಕ್ಕರು. ಆಮೇಲೆ ನಗು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು.

“ಮಾ ಕೋ ಮಾಲೂಮ್ ಹೈ, ಬೇನ್?”

ಅಮ್ಮನಿಗೆ ಗೊತ್ತಿದೆ ಎಂದೆ. ನಾಲಿಗೆ ತೊದಲಲೂ ಇಲ್ಲ.

ನಾಲ್ಕನೆಯ ಪೊಟ್ಟಣ ತೆರೆದಾಗ ಅತ್ತೆಯ ಪಕ್ಕದಲ್ಲೇ ಕುಳಿತಿದ್ದೆ. ಕಾಕಾ ಕಣ್ಣು ಅರೆಮುಚ್ಚಿ ಹೇಳಿದರು: ಇದು ಒಬ್ಬ ಸೇಠಾಣಿಯದ್ದು, ಎಂಬತ್ತೆರಡು ವರ್ಷ ಬಾಳಿದಳು, ಗಂಡನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣಬಿಟ್ಟಳು. ಅತ್ತೆ ಕಲ್ಲಿಗೆ ಕೈ ಮುಗಿದರು. ಅಕ್ಕಿಯ ಬಟ್ಟಲಿಗೆ ಹೋದ ಐದನೆಯ ದಿನ, ಏಳು ವರ್ಷದ ಹಿಂದೆ ಅರ್ಜಿ ಹಾಕಿ ಆಸೆ ಬಿಟ್ಟಿದ್ದ ಟೆಲಿಫೋನ್ ಅವರ ಮನೆಗೆ ಬಂತು. ಇಬ್ಬರು ಕೆಲಸದವರು ತಂತಿ ಎಳೆದು, ಕರೀ ಡಬ್ಬವನ್ನು ಮೇಜಿನ ಮೇಲಿಟ್ಟು, ಬಕ್ಷೀಸು ತೆಗೆದುಕೊಂಡು ಹೋದರು. ಮತ್ತೇನು ಬೇಕು? ಆ ಫೋನಿನಲ್ಲೇ ಅತ್ತೆ ಸೇಠಾಣಿಯ ಕತೆಯನ್ನು ಊರಿಗೆಲ್ಲ ಹಂಚಿದರು. ಮಾಟುಂಗ ತಲುಪುವಷ್ಟರಲ್ಲಿ ಸೇಠಾಣಿಗೆ ಐದು ಗಂಡುಮಕ್ಕಳಾಗಿದ್ದರು. ಪುಕ್ಕಟೆ ಕೊಟ್ಟಾಗ ಮುಟ್ಟದ ಕಲ್ಲಿಗೆ ಅತ್ತೆ ಈಗ ಕಾಕಾ ಕೇಳಿದಷ್ಟು ಬೆಲೆ ಕೊಟ್ಟರು. ಆ ಹಣದಲ್ಲಿ ಕಾಕಾ ತಮ್ಮ ದಲಾಲಿ ಕಳೆದು ನನಗೆ ಕೊಟ್ಟದ್ದನ್ನು ಆಫೀಸಿನ ಮುಂಗಡ ಎಂದು ಹೇಳಿ ಮಾವನ ಕೈಗಿತ್ತೆ. ನಿಶ್ಚಯದ ದಿನ ಬೀಗರು ಚಪ್ಪರಿಸಿ ತಿಂದ ಹೋಳಿಗೆ ಅವರದೇ ದುಡ್ಡಿನದು.

ಆ ದಿನ ನಮ್ಮ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಂಗುರ ಬೆಳ್ಳಿ ತಟ್ಟೆಯಲ್ಲಿ ಹೂವಿನ ನಡುವೆ ಕುಳಿತು ಹನ್ನೊಂದು ಮುತ್ತೈದೆಯರ ಕೈ ದಾಟಿತು. ಒಬ್ಬೊಬ್ಬರೂ ಅದಕ್ಕೆ ಕುಂಕುಮ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು. ನನಗೆ ಒಳಗೊಳಗೇ ನಗು. ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ ಹೋಳಿಗೆ ಮಗುಚುತ್ತಿದ್ದಳು. ಶಾಸ್ತ್ರ ಮುಗಿದದ್ದೇ ತಡ, ನಮಸ್ಕಾರ ಮಾಡುವ ನೆಪದಲ್ಲಿ ಒಳಗೆ ಓಡಿ ಕೈ ಚಾಚಿದೆ. ನೋಡು ಎಂದು ಬೇರೆ ಹೇಳಿದೆ.

ಅಮ್ಮ ಕೈ ಒರೆಸಿಕೊಂಡು ನನ್ನ ಬೆರಳನ್ನು ಕಿಟಕಿಯ ಕಡೆ ತಿರುಗಿಸಿದಳು. ಭೂತಗನ್ನಡಿ ಇಲ್ಲ, ಏನೂ ಇಲ್ಲ. ಹಲ್ಲಿನ ಅಡಿಯಿಂದ ಒಂದು ಗೀಟು ಹೊರಗೆ ಇಣುಕುತ್ತಿತ್ತು, ಅಷ್ಟು ಸಾಕಾಯಿತು. ಹದಿಮೂರು ವರ್ಷ ಕನ್ನಡಿಯಲ್ಲಿ ನೋಡಿದ ಹರಳು ಅವಳಿಗೆ ಗುರುತು ಸಿಗದೆ ಇದ್ದೀತೇ? ನಾನು ಪಿಸುಮಾತಿನಲ್ಲಿ ಎಲ್ಲವನ್ನೂ ಹೇಳಿದೆ, ಸೇಠಾಣಿಯ ತನಕ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಕಡೇ ಪಕ್ಷ ಕಣ್ಣು ಒದ್ದೆ ಮಾಡಿಕೊಂಡು ತಲೆ ಸವರುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆಯ ಪಕ್ಕದ ಮಣೆಯ ಮೇಲೆ ಕುಸಿದು ಕುಳಿತಳು.

“ಅವ್ರು ಬೇಡ ಹೇಳಿದಾಗ ದೇವ್ರು ಕಾಪಾಡಿದ ಅಂದ್ಕೊಂಡೆ ಮಗಾ. ನಂಗೆ ಆದದ್ದು ನಿಂಗೆ ಆಗ್ಬಾರ್ದು ಹೇಳಿಯೇ ಅದನ್ನು ಅಷ್ಟು ಅಡಿಯಲ್ಲಿ ಇಟ್ಟದ್ದು. ನೀನು ಅದನ್ನೇ ಹಾಕ್ಕೊಂಡು ಬಂದ್ಯಲ್ಲ. ತೆಗಿ ಅದನ್ನು.”

ನನಗೆ ಸಿಟ್ಟು ಬಂತು. ನಾನು ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಅವಳೂ ಅತ್ತೆಯ ಪಾರ್ಟಿಯೇ! ಹೊರಗೆ ಎಲ್ಲರೂ ಕುಳಿತಿದ್ದಾರೆ, ಈಗ ತೆಗೆದರೆ ಏನು ಹೇಳಲಿ ಎಂದೆ. ವಜ್ರವೆಂದರೆ ಇದ್ದಿಲು, ಅದಕ್ಕೆ ಯಾರ ಗಂಡನ ಗೊಡವೆಯೂ ಇಲ್ಲ ಎಂದೆ. ಕಾವಲಿಯ ಮೇಲಿನ ಹೋಳಿಗೆ ಸೀದುಹೋಗಿತ್ತು, ಅಮ್ಮ ಅದನ್ನು ತೆಗೆದು ಬದಿಗಿಟ್ಟಳು.

ಮದುವೆಯಾಯಿತು. ದಾದರ್‌ಗೆ ಬಂದೆ. ಉಂಗುರದ ಮಾತನ್ನು ಅಮ್ಮ ಮತ್ತೆ ಎತ್ತಲಿಲ್ಲ, ನಾನು ಗೆದ್ದೆ ಎಂದುಕೊಂಡೆ. ಪ್ರತಿ ಶನಿವಾರ ಸಂಜೆ ಅವಳು ತನ್ನ ಬಿಲ್ಡಿಂಗಿನ ಕೆಳಗಿನ ಕಿರಾಣಿ ಅಂಗಡಿಯಿಂದ ನಮ್ಮ ಮನೆಗೆ ಫೋನ್ ಮಾಡುತ್ತಿದ್ದಳು. ಅವರು ಬಂದ್ರಾ ಎಂದು ಕೇಳುವಳು. ಬಂದರು, ಪೇಪರ್ ಓದುತ್ತಿದ್ದಾರೆ ಎಂದರೆ, ಸರಿ ಎಂದು ಇಟ್ಟುಬಿಡುವಳು. ನನ್ನನ್ನು ಹೇಗಿದ್ದೀ ಎಂದೂ ಕೇಳುತ್ತಿರಲಿಲ್ಲ. ಅಳಿಯನೆಂದರೆ ದೇವರೇ ಇವಳಿಗೆ ಎಂದು ನಾನು ಗಂಡನ ಮುಂದೆ ಅವಳ ದನಿಯಲ್ಲೇ ಅಣಕಿಸಿ ತೋರಿಸುತ್ತಿದ್ದೆ. ಅವರು ನಗುತ್ತಿದ್ದರು.

ನಾಲ್ಕೈದು ವರ್ಷ ಹೀಗೇ ಹೋಯಿತು. ಒಂದು ಜುಲೈ ಶನಿವಾರ ಬೆಳಿಗ್ಗೆಯಿಂದ ಹಿಡಿದ ಮಳೆ ಬಿಡಲೇ ಇಲ್ಲ. ಮಧ್ಯಾಹ್ನಕ್ಕೆ ಲೋಕಲ್ ನಿಂತಿತು, ಸಂಜೆಗೆ ಸೇಠಾಣಿಯ ಟೆಲಿಫೋನೂ ಸತ್ತುಹೋಯಿತು. ಗಂಡ ಪವಾಯಿಯಲ್ಲೇ ಸಹೋದ್ಯೋಗಿಯ ಕ್ವಾರ್ಟರ್ಸಿನಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ನಡೆದೂ ಲಾರಿ ಹತ್ತಿಯೂ ಹೇಗೋ ಮನೆ ಸೇರಿದರು. ಸ್ನಾನ ಮುಗಿಸಿ ತಿಂಡಿಗೆ ಕುಳಿತಿದ್ದಾಗ ಯಾರೋ ಬಾಗಿಲು ಬಡಿದರು. ಅತ್ತೆ ತೆರೆದರು. ಅಮ್ಮ ನಿಂತಿದ್ದಳು. ಸೀರೆ ಸೊಂಟದವರೆಗೆ ನೆನೆದಿತ್ತು, ಚಪ್ಪಲಿ ಇರಲಿಲ್ಲ. ಬಸ್ಸೂ ಇಲ್ಲದೆ ಸಯನ್‌ನಿಂದ ನೀರಿನಲ್ಲಿ ನಡೆದೇ ಬಂದಿದ್ದಳು.

“ಅವ್ರು ಬಂದ್ರಾ?”

ಅಳಿಯ ಎದ್ದು ನಿಂತು ಬನ್ನಿ ಎಂದರು. ಅಮ್ಮ ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಆಮೇಲೆ, ಆ ಮನೆಯಲ್ಲಿ ಎಂದೂ ಬಾಯಿಬಿಟ್ಟು ಏನನ್ನೂ ಕೇಳದವಳು, ತಿನ್ನಲು ಏನಾದರೂ ಇದ್ದರೆ ಕೊಡಿ ಎಂದಳು. ಅತ್ತೆ ಗಾಬರಿಯಾಗಿ ಉಪ್ಪಿಟ್ಟು ಹಾಕಿಕೊಟ್ಟರು. ಅವಳು ಗಬಗಬನೆ ತಿಂದಳು. ನಿನ್ನೆಯಿಂದ ಊಟ ಮಾಡಿಲ್ಲವೇ ಎಂದು ಅತ್ತೆ ಕೇಳಿದರೆ, ಶನಿವಾರ ತನಗೆ ಉಪವಾಸ, ಅಳಿಯ ಮನೆ ಮುಟ್ಟಿದ ಸುದ್ದಿ ಬಂದ ಮೇಲೆಯೇ ಒಂದು ಊಟ, ಹಾಗೊಂದು ಹರಕೆ ಎಂದಳು. ಯಾವಾಗಿನಿಂದ ಎಂದು ಕೇಳಿದರು. ನಿಶ್ಚಯವಾದ ದಿನದಿಂದ ಎಂದಳು.

ನನ್ನ ಗಂಡ ನನ್ನ ಕಡೆ ನೋಡಿದರು. ಅಣಕಿಸಿದ್ದು ಅವರಿಗೂ ನೆನಪಾಗಿರಬೇಕು. ಅತ್ತೆಗೆ ಮಾತ್ರ ಬೀಗಿತ್ತಿಯ ಮೇಲೆ ಮೊದಲ ಬಾರಿಗೆ ನಿಜವಾದ ಮಮತೆ ಹುಟ್ಟಿತು. ಪಕ್ಕದಲ್ಲಿ ಕುಳಿತು ಬೆನ್ನು ಸವರುತ್ತಾ, ನನ್ನ ಬೆರಳಿನತ್ತ ಕೈ ತೋರಿಸಿದರು.

“ನೀವು ಇಷ್ಟೆಲ್ಲ ಹೆದರುದು ಎಂತಕ್ಕೆ? ಆ ಪುಣ್ಯವಂತೆಯ ವಜ್ರ ಕೈಯಲ್ಲಿರುವಾಗ ಅವನಿಗೆ ಎಂತ ಆಗ್ತದೆ ಹೇಳಿ.”

ಅಮ್ಮ ತಟ್ಟೆಯಿಂದ ತಲೆ ಎತ್ತದೆ, “ಹೌದು, ಪುಣ್ಯವಂತೆ ಅವಳು” ಎಂದಳು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.